ಮುಂಬಯಿಯ ಪತ್ರಿಕಾ ತುಣುಕುಗಳು ಮತ್ತು ಗಡಿ ಪ್ರಶ್ನೆ: ಆಕರ ವಿಮರ್ಶೆಯ ಕೆಲವು ಮಾತುಗಳು

ಕರ್ನಾಟಕ–ಮಹಾರಾಷ್ಟ್ರ ಗಡಿ ಪ್ರಶ್ನೆಯನ್ನು ಕುರಿತು ಕರ್ನಾಟಕದ ಹೊರಗಿದ್ದು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಪತ್ರಿಕಾ ತುಣುಕುಗಳ ಸಂಗ್ರಹಗಳನ್ನು ಅವಲಂಬಿಸುತ್ತಾರೆ. ಮುಂಬಯಿಯಲ್ಲಿ ಇಂತಹ ಸಂಗ್ರಹಗಳಿಗೆ ಒಂದು ಪರಂಪರೆಯೇ ಇದೆ. ದೊಡ್ಡ ಪತ್ರಿಕೆಗಳ ಕಚೇರಿಗಳು ತಮ್ಮ ವರದಿಗಾರರ ಉಪಯೋಗಕ್ಕೆಂದು ವಿಷಯವಾರು ಕಡತಗಳನ್ನು ಇರಿಸಿಕೊಂಡಿದ್ದುವು. 1970ರ ದಶಕದಲ್ಲಿ ಕಾರ್ಯಾರಂಭ ಮಾಡಿದ ಸೆಂಟರ್ ಫಾರ್ ಎಜುಕೇಶನ್ ಅಂಡ್ ಡಾಕ್ಯುಮೆಂಟೇಶನ್ ಸಂಸ್ಥೆಯು ಈ ಬಗೆಯ ಕಡತಗಳನ್ನು ಸಾರ್ವಜನಿಕ ಓದುಗರಿಗೂ ದೊರಕಿಸಿಕೊಟ್ಟಿತು. ಅದರ ಕೇಂದ್ರವೊಂದು ಮುಂದೆ ಬೆಂಗಳೂರಿನಲ್ಲಿಯೂ ಸ್ಥಾಪನೆಯಾಯಿತು. ಇಂತಹ ಶ್ರಮದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ತುಣುಕುಗಳನ್ನು ಯಾರ ಕೈಯೂ ಸೋಕದ ಮೂಲ ಸಾಮಗ್ರಿಯೆಂದು ಬಗೆಯುವ ರೂಢಿಯನ್ನು ನಾವು ಒಪ್ಪಲಾರೆವು. ತುಣುಕುಗಳ ಕಡತವೂ ಒಂದು ಸಂಕಲನ ಕೃತಿ. ಅದಕ್ಕೆ ಸಂಕಲನಕಾರನಿದ್ದಾನೆ, ಆತನಿಗೆ ತನ್ನದೇ ಆದ ದೃಷ್ಟಿಯಿದೆ.

ಪ್ರಾಚೀನ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈ ಮಾತು ಹೊಸದಲ್ಲ. 13ನೆಯ ಶತಮಾನದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಯ ವಿಷಯಗಳಿಗನುಗುಣವಾಗಿ ವಿಂಗಡಿಸಿಕೊಟ್ಟನು. ಪದ್ಯಗಳು ಉಳಿದುವು, ಆದರೆ ಕವಿಗಳ ಹೆಸರು ಜೊತೆಗೆ ಬರಲಿಲ್ಲ. ಯಾವ ಪದ್ಯ ಯಾವ ಕಾವ್ಯದ್ದು ಎಂಬುದನ್ನು ನಿರ್ಣಯಿಸಲು ವಿದ್ವಾಂಸರು ಬಹಳವಾಗಿ ಶ್ರಮಿಸಬೇಕಾಯಿತು. ಶೂನ್ಯಸಂಪಾದನೆಗಳಲ್ಲಿ ಬಿಡಿ ವಚನಗಳು ಸಂವಾದದ ಚೌಕಟ್ಟಿಗೆ ಸೇರಿದಾಗ ಅವುಗಳಿಗೆ ಹೊಸ ಪ್ರಸಂಗವೂ ಹೊಸ ಧ್ವನಿಯೂ ಒದಗಿದುವು. ಇವೆರಡು ಬಗೆಯ ಕೃತಿಗಳಿಗೂ ನಾವು ಋಣಿಗಳು. ಆದರೂ ಪದ್ಯವನ್ನು ಮೂಲ ಕಾವ್ಯದಲ್ಲಿ, ವಚನವನ್ನು ಸಂವಾದದ ಆಚೆಗೆ ಪರಿಶೀಲಿಸದೆ ತೀರ್ಮಾನಕ್ಕೆ ಬರುವುದಿಲ್ಲ. ಕಾವ್ಯದ ವಿಷಯದಲ್ಲಿ ತೋರುವ ಈ ಎಚ್ಚರವನ್ನು ವೃತ್ತಪತ್ರಿಕೆಯ ವಿಷಯದಲ್ಲಿ ಕೈಬಿಡಲು ಕಾರಣವಿಲ್ಲ.

ಮೊದಲನೆಯದಾಗಿ, ಕಡತದ ಶೀರ್ಷಿಕೆಯನ್ನು ಗಮನಿಸಬೇಕು. ಮರಾಠಿ ಪತ್ರಿಕೆಗಳಲ್ಲಿ ಇದು ‘ಸೀಮಾಪ್ರಶ್ನ’; ಅಂದರೆ ಇನ್ನೂ ಉತ್ತರ ದೊರೆಯಬೇಕಾದ ಪ್ರಶ್ನೆ. ಕರ್ನಾಟಕದ ಅಧಿಕೃತ ನಿಲುವಿನಂತೆ ಮಹಾಜನ್ ವರದಿಯೇ ಅಂತಿಮ. ಆದುದರಿಂದ ಪ್ರಶ್ನೆಯೇ ಇಲ್ಲ. ‘ವಿವಾದ’ವೆಂಬ ಶೀರ್ಷಿಕೆಯ ಕೆಳಗೆ ಇವೆರಡನ್ನೂ ಸೇರಿಸಿದ ಸಂಗ್ರಾಹಕನು ತಾನು ತಟಸ್ಥನೆಂದು ತಿಳಿದಿರಬಹುದು. ವಸ್ತುತಃ ಆತ ಮೂರನೆಯ ನಿಲುವೊಂದನ್ನು ತಾಳಿದ್ದಾನೆ. ಊರಿನ ಹೆಸರಿನ ತೊಡಕೂ ಇದೆ. 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿಯಾದ ಊರು ಹಳೆಯ ಇಂಗ್ಲಿಷ್ ಕಡತಗಳಲ್ಲಿ ಬೆಲ್ಗಾಮ್, ಮರಾಠಿಯಲ್ಲಿ ಬೇಳಗಾವ್. ಒಂದೇ ಹೆಸರನ್ನು ಹಿಡಿದು ಹುಡುಕುವವನಿಗೆ ಉಳಿದ ಎರಡರ ಸಾಮಗ್ರಿ ತಪ್ಪಿಹೋಗುತ್ತದೆ.

ಎರಡನೆಯದಾಗಿ, ಒಂದು ಘಟನೆ ಯಾವ ಕಡತಕ್ಕೆ ಸೇರಬೇಕೆಂಬ ಪ್ರಶ್ನೆ. 1966ರ ಅಕ್ಟೋಬರಿನಲ್ಲಿ ನೇಮಕವಾದ ಮಹಾಜನ್ ಆಯೋಗವು 1967ರಲ್ಲಿ ವರದಿಯನ್ನೊಪ್ಪಿಸಿತು. 264 ಗ್ರಾಮಗಳು ಮಹಾರಾಷ್ಟ್ರಕ್ಕೆ, 247 ಗ್ರಾಮಗಳು ಮೈಸೂರು ರಾಜ್ಯಕ್ಕೆ ಸೇರಬೇಕು. ಬೆಳಗಾವಿ ನಗರವು ಮೈಸೂರಿನಲ್ಲಿಯೇ ಉಳಿಯಬೇಕು ಎಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. 1966ರ ಜೂನ್‌ನಲ್ಲಿ ಸ್ಥಾಪನೆಯಾಗಿದ್ದ ಶಿವಸೇನೆ ಇದೇ ಪ್ರಶ್ನೆಯ ಮೇಲೆ 1969ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಚಳವಳಿ ಹೂಡಿತು. ಅದು ಗಲಭೆಗೆ ತಿರುಗಿ ಐವತ್ತಕ್ಕೂ ಹೆಚ್ಚು ಜನ ಮಡಿದರು. ಉಡುಪಿ ಹೋಟೆಲುಗಳು ದಾಳಿಗೆ ತುತ್ತಾದುವು. ಈ ಸುದ್ದಿಯನ್ನು ಎಲ್ಲಿ ಇರಿಸಬೇಕು? ‘ಗಡಿ’ಯಲ್ಲಿಯೆ, ‘ಕಾನೂನು ಮತ್ತು ಸುವ್ಯವಸ್ಥೆ’ಯಲ್ಲಿಯೆ, ‘ರಾಜಕೀಯ ಪಕ್ಷಗಳು’ ಎಂಬಲ್ಲಿಯೆ? ಎಲ್ಲಿ ಇರಿಸಿದರೂ ಒಂದು ಅರ್ಥ ಮುಂದೆ ಬಂದು ಉಳಿದುವು ಹಿಂದೆ ಸರಿಯುತ್ತವೆ. ಅಂದು ಪೆಟ್ಟು ತಿಂದ ಹೋಟೆಲುಗಳ ಮಾಲೀಕರಲ್ಲಿ, ಮಾಣಿಗಳಲ್ಲಿ ಹೆಚ್ಚಿನವರು ಕರಾವಳಿಯಿಂದ ಬಂದವರು. ಬೆಳಗಾವಿ ಅವರ ಊರಲ್ಲ. ಗಡಿಯಿಂದ ನೂರಾರು ಮೈಲಿ ದೂರದಲ್ಲಿ ಗಡಿಯ ಬೆಲೆ ತೆತ್ತ ಇವರಿಗೆಂದು ‘ಮುಂಬಯಿ ಕನ್ನಡಿಗರು’ ಎಂಬ ಕಡತವೊಂದು ಇಲ್ಲದಿದ್ದಲ್ಲಿ ಅವರು ಅಂಕಿಅಂಶಗಳಲ್ಲಿ ಮಾತ್ರ ಉಳಿಯುತ್ತಾರೆ.

ಹೊರಗಿನವರು ಕಟ್ಟಿದ ಸಂಗ್ರಹಕ್ಕೆ ಜಗತ್ತಿನ ಪ್ರಸಿದ್ಧ ನಿದರ್ಶನವೊಂದಿದೆ. ಶೀತಲ ಸಮರದ ಕಾಲದಲ್ಲಿ ಮ್ಯೂನಿಕ್‌ನ ರೇಡಿಯೋ ಫ್ರೀ ಯೂರೋಪ್ ಸಂಸ್ಥೆಯು ಪೂರ್ವ ಯೂರೋಪಿನ ರಾಷ್ಟ್ರಗಳ ರಾಜಕೀಯವನ್ನು ಕುರಿತು ಅಪಾರವಾದ ತುಣುಕುಗಳನ್ನು ಸಂಗ್ರಹಿಸಿತು. ಎನ್ವರ್ ಹೋಜಾ ಆಳುತ್ತಿದ್ದ, ಹೊರಜಗತ್ತಿಗೆ ಬಾಗಿಲು ಮುಚ್ಚಿದ ಅಲ್ಬೇನಿಯಾದ ಕಡತಗಳೂ ಅವುಗಳಲ್ಲಿದ್ದು, ಈ ಸಾಮಗ್ರಿ ಅನಂತರ ಬುಡಾಪೆಸ್ಟಿನ ಓಪನ್ ಸೊಸೈಟಿ ಆರ್ಕೈವ್ಸ್ ಸೇರಿತು. ಅಲ್ಲಿ ಕಡತಗಳನ್ನು ಅವು ಹುಟ್ಟಿದ ಸಂಸ್ಥೆಯ ಹೆಸರಿನಲ್ಲಿಯೇ ವರ್ಗೀಕರಿಸಿದ್ದಾರೆ. ಆದುದರಿಂದ ಓದುಗನಿಗೆ ತಾನು ಅಲ್ಬೇನಿಯಾವನ್ನು ಮಾತ್ರವಲ್ಲ, ಮ್ಯೂನಿಕ್‌ನ ಕಿಟಕಿಯಿಂದ ಕಂಡ ಅಲ್ಬೇನಿಯಾವನ್ನು ಓದುತ್ತಿರುವೆನೆಂಬ ಅರಿವು ಉಳಿಯುತ್ತದೆ. ನಮ್ಮ ಸಂಗ್ರಹಗಳಿಗೂ ಬೇಕಾದುದು ಈ ಅರಿವು.

ಆದುದರಿಂದ ಸಂಶೋಧಕರು ಮೂರು ಕೆಲಸಗಳನ್ನು ಮಾಡಬೇಕು. ಪತ್ರಿಕೆ, ದಿನಾಂಕ, ಪುಟ ಈ ಮೂರೂ ಇಲ್ಲದ ತುಣುಕನ್ನು ಸಾಕ್ಷ್ಯವಾಗಿ ಬಳಸಬಾರದು. ಸಾಧ್ಯವಿದ್ದೆಡೆ ಇಡೀ ಸಂಚಿಕೆಯನ್ನು ನೋಡಬೇಕು; ಮುಖಪುಟದ ಸುದ್ದಿಗೂ ಒಳಪುಟದ ಮೂಲೆಯ ಸುದ್ದಿಗೂ ಇರುವ ಅಂತರ ಕತ್ತರಿಸಿದ ಕಾಗದದಲ್ಲಿ ಕಾಣುವುದಿಲ್ಲ. ಕೊನೆಯದಾಗಿ, ಇಂಗ್ಲಿಷ್ ಕಡತದ ಪಕ್ಕದಲ್ಲಿ ಮರಾಠಿಯನ್ನೂ ಕನ್ನಡವನ್ನೂ ಇರಿಸಿಕೊಳ್ಳಬೇಕು. ಕನ್ನಡವೆಂದರೆ ಬೆಂಗಳೂರು, ಹುಬ್ಬಳ್ಳಿಗಳ ದಿನಪತ್ರಿಕೆಗಳಷ್ಟೇ ಅಲ್ಲ. ‘ಮೊಗವೀರ’ದಂತಹ ಮುಂಬಯಿಯ ಮಾಸಪತ್ರಿಕೆಗಳೂ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್‌ನಂತಹ ಸಂಸ್ಥೆಗಳ ವರದಿ, ಸ್ಮರಣ ಸಂಚಿಕೆಗಳೂ ಇಲ್ಲಿ ಪರಿಶೀಲನಾರ್ಹ.

2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ ಮೇಲೆ ಗಡಿ ಪ್ರಶ್ನೆಯ ಹಳೆಯ ಕಾಗದಗಳಿಗೆ ಹೊಸ ಮಹತ್ತ್ವ ಬಂದಿದೆ. ನ್ಯಾಯಾಲಯಕ್ಕೆ ಬೇಕಾದ ದಾಖಲೆಗಳನ್ನು ಸರಕಾರಗಳು ಹುಡುಕಿಕೊಳ್ಳುತ್ತವೆ. ಮಾಟುಂಗಾ, ದಾದರ್‌ಗಳ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರ ಅನುಭವವನ್ನು ಹುಡುಕುವ ಹೊಣೆ ವಿಶ್ವವಿದ್ಯಾಲಯಗಳದು. ಹಳೆಯ ಸಂಚಿಕೆಗಳ ಕಾಗದ ಪುಡಿಯಾಗುವ ಮುನ್ನ ಈ ಕೆಲಸ ನಡೆಯಬೇಕು.