ತಗ್ಗಿದ ಕಾರೆಲ್ಲ ಹಿಡಿತದ ಕಾರಲ್ಲ

ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದರೆ ಇರುಂಗಾಟ್ಟುಕೊಟ್ಟೈ. ಅಲ್ಲಿನ 3.7 ಕಿ.ಮೀ. ರೇಸ್ ಟ್ರ್ಯಾಕಿಗೆ ಟ್ರ್ಯಾಕ್ ಡೇ ನೋಡಲು ಹೋದ ಹೊಸಬರ ಕಣ್ಣು ಮೊದಲು ಬೀಳುವುದು ಕಾರಿನ ಎತ್ತರದ ಮೇಲೆ. ನೆಲಕ್ಕೆ ಕುಕ್ಕರಿಸಿದಂತಿದ್ದರೆ ಅದೇ ವೇಗದ ಕಾರು ಎನಿಸಿಬಿಡುತ್ತದೆ. ನೋಡಬೇಕಾದದ್ದು ತಿರುವಿನಲ್ಲಿ ಟೈರು ರಸ್ತೆಗೆ ಎಷ್ಟು ಅಗಲಕ್ಕೆ ಅಂಟಿಕೊಂಡಿದೆ ಎಂಬುದನ್ನು.

ಫೋಕ್ಸ್‌ವ್ಯಾಗನ್ ಪೋಲೊವನ್ನೇ ತೆಗೆದುಕೊಳ್ಳಿ. ಅದರ ಮುಂಗಾಲಿಗಳಿಗಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಕತ್ತರಿಸಿಯೋ ಗಿಡ್ಡ ಸ್ಪ್ರಿಂಗ್ ಹಾಕಿಯೋ ಕಾರನ್ನು ತೀರಾ ತಗ್ಗಿಸಿದರೆ, ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು ಮೇಲ್ಮುಖವಾಗಿ ಓರೆಯಾಗುತ್ತದೆ. ಆಮೇಲೆ ಸಸ್ಪೆನ್ಷನ್ ಒತ್ತಿದಷ್ಟೂ ಟೈರಿನ ತಲೆ ಹೊರಕ್ಕೆ ವಾಲಿ, ಹೊರ ಅಂಚೊಂದೇ ಭಾರ ಹೊರುತ್ತದೆ. ಜೊತೆಗೆ ಕಾರಿನ ಗುರುತ್ವ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ಅದರ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಇಳಿದುಬಿಡುತ್ತದೆ. ತಗ್ಗಿಸಿದ ಮೇಲೂ ಕಾರು ಮೊದಲಿಗಿಂತ ಹೆಚ್ಚು ವಾಲುವುದಕ್ಕೆ ಇದೇ ಕಾರಣ.

ಆದ್ದರಿಂದ ದುಡ್ಡು ಮೊದಲು ಹೋಗಬೇಕಾದದ್ದು ಒಳ್ಳೆಯ ಟೈರಿಗೆ, ನಂತರ ಅಲೈನ್‌ಮೆಂಟಿಗೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ವಾಲಿರುವುದು, ಅತ್ಯಲ್ಪ. ಟ್ರ್ಯಾಕಿಗೆ ಮುಂದಿನ ಚಕ್ರಗಳು ಎರಡು ಡಿಗ್ರಿಯ ಆಸುಪಾಸು ಒಳಕ್ಕೆ ವಾಲಿರಬೇಕಾಗುತ್ತದೆ. ಸರಿಹೋಯಿತೇ ಎಂದು ಕೇಳಬೇಕಾದದ್ದು ಟೈರನ್ನೇ. ಪಿಟ್‌ಗೆ ಬಂದ ಕೂಡಲೇ ಒಳ, ನಡು, ಹೊರ ಭಾಗಗಳ ಬಿಸಿ ಅಳೆದಾಗ ಹೊರ ಅಂಚೇ ಸುಡುತ್ತಿದ್ದರೆ ಕ್ಯಾಂಬರ್ ಇನ್ನೂ ಸಾಲದು.

ಡ್ಯಾಂಪರ್ ಇದಾದ ಮೇಲಿನ ಮಾತು, ಆದರೆ ಸಸ್ಪೆನ್ಷನ್ನಿನ ನಿಜವಾದ ಸೊಗಸು ಇರುವುದು ಇಲ್ಲೇ. ವಾಲುವಿಕೆಗೆ ಮಿತಿ ಹಾಕುವುದು ಸ್ಪ್ರಿಂಗ್ ಮತ್ತು ಆ್ಯಂಟಿ-ರೋಲ್ ಬಾರ್. ಎಷ್ಟು ಬೇಗ ವಾಲಬೇಕು, ಅದುಮಿದ ಸ್ಪ್ರಿಂಗ್ ಎಷ್ಟು ನಯವಾಗಿ ಮರಳಬೇಕು ಎಂಬುದು ಡ್ಯಾಂಪರಿನ ಕೈಯಲ್ಲಿ. ಗಟ್ಟಿ ಸ್ಪ್ರಿಂಗಿಗೆ ಹಳೆಯ ಡ್ಯಾಂಪರನ್ನೇ ಉಳಿಸಿದರೆ ಕಾರು ಕುಣಿಯುತ್ತದೆ, ಕುಣಿದಾಗಲೆಲ್ಲ ಹಿಡಿತ ಜಾರುತ್ತದೆ. ಅದಕ್ಕೇ ಸ್ಪ್ರಿಂಗಿಗೆ ಹೊಂದುವ ಡ್ಯಾಂಪರ್ ಜೊತೆಗಿರುವ ಕಾಯ್ಲೋವರ್ ಕಿಟ್ ದುಬಾರಿಯಾದರೂ ಸರಿಯಾದ ಆಯ್ಕೆ. ಸ್ಪ್ರಿಂಗ್ ಮರಳುವುದನ್ನು ತಡೆಯುವ ರಿಬೌಂಡನ್ನು ಅತಿಯಾಗಿ ಬಿಗಿದರೂ ತೊಂದರೆಯೇ: ಒಂದು ಉಬ್ಬಿಗೆ ಒತ್ತಿದ ಚಕ್ರ ಇಳಿಯುವ ಮೊದಲೇ ಮುಂದಿನ ಉಬ್ಬು ಬರುತ್ತದೆ.

ತಿರುವಿನ ಹೊರಗೆ ನಿಂತು ನೋಡುವವರು ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿಳಿವ ಕಾರನ್ನು ಗಮನಿಸಬೇಕು. ಒಮ್ಮೆ ಅದುರಿ ಸುಮ್ಮನಾದರೆ ಡ್ಯಾಂಪರ್ ಕೆಲಸ ಮಾಡುತ್ತಿದೆ. ಪೋಲೊದಂಥ ಮುಂಗಾಲಿ ಎಳೆತದ ಕಾರು ಒಳಬದಿಯ ಹಿಂಗಾಲಿಯನ್ನು ಗಾಳಿಗೆತ್ತಿದರೆ ಗಾಬರಿ ಬೇಡ. ಹಿಂಭಾಗವನ್ನು ಬಿಗಿ ಮಾಡಿ ಮೂತಿಯನ್ನು ತಿರುವಿನೊಳಕ್ಕೆ ಎಳೆಸಿದ ಫಲ ಅದು. ಎಳೆಯುವ ಚಕ್ರಗಳೆರಡೂ ಇನ್ನೂ ನೆಲದ ಮೇಲೇ ಇವೆ.