ಮಾರುಕಟ್ಟೆಯ ಪಾಲು ಅಳೆಯುವುದೇನನ್ನು?

ಮೂರು ತಿಂಗಳಿಗೊಮ್ಮೆ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ವೈಯಕ್ತಿಕ ಕಂಪ್ಯೂಟರ್‌ಗಳ ಮಾರುಕಟ್ಟೆಯಲ್ಲಿ ಯಾವ ಕಂಪೆನಿಯ ಪಾಲು ಶೇಕಡಾ ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ಕೆಲವು ವರ್ಷಗಳಿಂದ ಜಗತ್ತಿನ ಪಟ್ಟಿಯಲ್ಲಿ ಲೆನೊವೊ, ಎಚ್‌ಪಿ, ಡೆಲ್ ಈ ಕ್ರಮದಲ್ಲಿವೆ. ಭಾರತದ ಪಟ್ಟಿಯಲ್ಲಿ ಸುಮಾರು ಶೇ. 30ರ ಪಾಲಿನೊಂದಿಗೆ ಎಚ್‌ಪಿ ಮೊದಲನೆಯದು. ಹೊಸದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಕಾಲೇಜಿಗೆ ಗಣಕಗಳನ್ನು ಕೊಳ್ಳುವ ಸಮಿತಿ ಸೇರಿದಾಗ ‘ನಂಬರ್ ಒನ್ ಯಾವುದು?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪಟ್ಟಿಯನ್ನು ಗುಣಮಟ್ಟದ ಪ್ರಮಾಣಪತ್ರದಂತೆ ಓದುವ ಈ ಅಭ್ಯಾಸ ಎಷ್ಟು ಸರಿ?

ಮೊದಲು ಸ್ಪರ್ಧೆಯ ಸ್ವರೂಪವನ್ನು ನೋಡೋಣ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಸಂಸ್ಕಾರಕ ಇಂಟೆಲ್‌ನದು, ಕಾರ್ಯಾಚರಣ ವ್ಯವಸ್ಥೆ ಮೈಕ್ರೋಸಾಫ್ಟ್‌ನದು. ಅವೆರಡನ್ನೂ ಯಾರು ಬೇಕಾದರೂ ಕೊಳ್ಳಬಹುದಾಗಿದ್ದರಿಂದ ಅನುಕರಣೆ ಸುಲಭವಾಯಿತು. 1994ರಲ್ಲಿ ಕಾಂಪ್ಯಾಕ್ ಮೊದಲ ಸ್ಥಾನಕ್ಕೇರಿತು. 2001ರಲ್ಲಿ ಡೆಲ್ ಅದನ್ನು ಹಿಂದಿಕ್ಕಿತು. ಮರುವರ್ಷವೇ ಕಾಂಪ್ಯಾಕ್ ಎಚ್‌ಪಿಯಲ್ಲಿ ಲೀನವಾಯಿತು. 2005ರಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನೇ ಲೆನೊವೊಗೆ ಮಾರಿ ಕೈತೊಳೆದುಕೊಂಡಿತು. ಲೆನೊವೊ 2013ರಲ್ಲಿ ಮೊದಲ ಸ್ಥಾನ ಹಿಡಿಯಿತು. ಅದೇ ವರ್ಷ, 1980ರ ದಶಕದಿಂದ ಗಣಕ ತಯಾರಿಸುತ್ತಿದ್ದ ಬೆಂಗಳೂರಿನ ವಿಪ್ರೊ ಆ ಉದ್ಯಮವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಒಳಗಿನ ಮುಖ್ಯ ಭಾಗಗಳು ಎಲ್ಲರಲ್ಲೂ ಒಂದೇ ಆದಮೇಲೆ ಪೈಪೋಟಿಗೆ ಉಳಿದದ್ದು ಬೆಲೆ, ಸರಬರಾಜು ಮತ್ತು ಪ್ರಚಾರ. ಗೆಲುವನ್ನು ಅಳೆಯಲು ಸಿಕ್ಕಿದ ಸುಲಭದ ಮಾನ ಈ ಶೇಕಡಾ ಪಾಲು.

ಪಟ್ಟಿಯಲ್ಲಿ ಎಣಿಸುವುದು ಬಳಕೆಯಲ್ಲಿರುವ ಗಣಕಗಳನ್ನಲ್ಲ, ಆ ಮೂರು ತಿಂಗಳಲ್ಲಿ ಕಂಪೆನಿ ಮಾರಾಟಗಾರರತ್ತ ರವಾನಿಸಿದ ಪೆಟ್ಟಿಗೆಗಳನ್ನು. ಹಿರಿಯೂರಿನವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಣಿವಿಲಾಸ ಸಾಗರಕ್ಕೆ ವೇದಾವತಿಯಿಂದ ಬರುವ ಒಳಹರಿವು ಒಂದು, ಅಣೆಕಟ್ಟೆಯಲ್ಲಿ ನಿಂತಿರುವ ನೀರಿನ ಮಟ್ಟ ಇನ್ನೊಂದು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಒಳಹರಿವು ಇರಲಿಲ್ಲವೆಂದೇನೂ ಅಲ್ಲ. ಒಂದು ತಿಂಗಳ ಒಳಹರಿವನ್ನು ನೋಡಿ ಕೆರೆ ತುಂಬಿದೆ ಎಂದು ರೈತ ನಾಲೆಗೆ ಕಾಯುವುದಿಲ್ಲ. ಮಾರುಕಟ್ಟೆಯ ಪಾಲು ಒಳಹರಿವಿನ ಅಂಕಿ.

ಹರಿವು ಮತ್ತು ಸಂಗ್ರಹಗಳ ನಡುವೆ ಒಂದು ಸರಳ ಸಂಬಂಧವಿದೆ. ಸ್ಥಿರ ಸ್ಥಿತಿಯಲ್ಲಿ, ಸಂಗ್ರಹ ಎಂದರೆ ಹರಿವನ್ನು ಸರಾಸರಿ ಆಯುಷ್ಯದಿಂದ ಗುಣಿಸಿದಷ್ಟು. ಒಂದು ಊಹೆಯ ಲೆಕ್ಕ ಮಾಡೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ‘ಕ’ ಮತ್ತು ‘ಖ’ ಎಂಬ ಎರಡು ಕಂಪೆನಿಗಳ ತಲಾ 6000 ಗಣಕಗಳು ಬಳಕೆಯಲ್ಲಿವೆ ಎಂದುಕೊಳ್ಳಿ. ‘ಕ’ದ ಯಂತ್ರ 8 ವರ್ಷ ಬಾಳುತ್ತದೆ, ‘ಖ’ದ್ದು 4 ವರ್ಷ. ಹಳೆಯದು ಕೆಟ್ಟಾಗ ಜನ ಅದೇ ಕಂಪೆನಿಯದನ್ನು ಕೊಳ್ಳುತ್ತಾರೆಂದರೆ ‘ಕ’ ವರ್ಷಕ್ಕೆ 750 ಗಣಕಗಳನ್ನೂ ‘ಖ’ 1500ನ್ನೂ ಮಾರುತ್ತದೆ. ಬಳಕೆದಾರರು ಸರಿಸಮ, ಆದರೆ ಪಟ್ಟಿಯಲ್ಲಿ ‘ಖ’ಕ್ಕೆ ಶೇ. 67, ‘ಕ’ಕ್ಕೆ ಶೇ. 33! ಬೇಗ ಕೆಡುವ ಯಂತ್ರಕ್ಕೆ ಎರಡರಷ್ಟು ಅಂಕ. ಪ್ರಯೋಗಾಲಯದಲ್ಲಿ ಗೈಗರ್ ಎಣಿಕ ಹಿಡಿದವರಿಗೆ ಇದು ಹೊಸದಲ್ಲ: ಪರಮಾಣುಗಳ ಸಂಖ್ಯೆ ಸಮನಾಗಿದ್ದರೆ ಅಲ್ಪಾಯುಷಿ ವಸ್ತುವೇ ಹೆಚ್ಚು ಸದ್ದು ಮಾಡುತ್ತದೆ.

ಮಾರುಕಟ್ಟೆ ಹೊಸದಾಗಿದ್ದಾಗ ಈ ದೋಷ ಅಷ್ಟಾಗಿ ಕಾಣುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. 2000ದ ಸುಮಾರಿಗೆ ನಮ್ಮ ಕಡೆ ಕೊಂಡವರೆಲ್ಲ ಮೊದಲ ಸಲ ಕೊಂಡವರು. ಬದಲಿ ಖರೀದಿ ವಿರಳ. ಆದರೆ ಆಗಿನ ಪಟ್ಟಿಗೆ ಬೇರೆ ಕೊರತೆಯಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಸ್ಥಳೀಯ ಅಂಗಡಿಯಲ್ಲಿ ಜೋಡಿಸಿದ ‘ಅಸೆಂಬಲ್ಡ್’ ಗಣಕಗಳು ದೇಶದ ಮಾರುಕಟ್ಟೆಯ ದೊಡ್ಡ ಭಾಗವಾಗಿದ್ದವು. ಪಟ್ಟಿಯಲ್ಲಿ ಅವುಗಳ ಜಾಗ ಕೊನೆಯ ಸಾಲಿನ ‘ಇತರೆ’. ಜೋಡಿಸಿದವನೇ ದುರಸ್ತಿಗೂ ಸಿಗುತ್ತಿದ್ದ ಎಂಬ ಸಂಗತಿಗೆ ಆ ಸಾಲಿನಲ್ಲಿ ಜಾಗವಿಲ್ಲ.

ಹರಿವು ಎಷ್ಟು ಏರಿಳಿಯುತ್ತದೆಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2021ರಲ್ಲಿ ಜಗತ್ತಿನಲ್ಲಿ ರವಾನೆಯಾದ ಪಿಸಿಗಳು ಸುಮಾರು 35 ಕೋಟಿ. 2023ರಲ್ಲಿ ಸುಮಾರು 26 ಕೋಟಿ. ಗಣಕ ಬಳಸುವವರು ಕಾಲುಭಾಗ ಕಡಿಮೆಯಾದರೇ? ಇಲ್ಲ, ಆಗಲೇ ಕೊಂಡಿದ್ದರು, ಅಷ್ಟೆ. ಇನ್ನು ಒಂದೇ ಸರ್ಕಾರಿ ಖರೀದಿ ಪಟ್ಟಿಯನ್ನು ಅಲುಗಿಸಬಲ್ಲದು. ಭಾರತದಲ್ಲಿ ವರ್ಷಕ್ಕೆ ಸುಮಾರು 1.1 ಕೋಟಿ ಗಣಕಗಳು ಮಾರಾಟವಾಗುತ್ತಿದ್ದ ಕಾಲದಲ್ಲಿ, 2013ರ ಆಸುಪಾಸು, ಉತ್ತರ ಪ್ರದೇಶ ಸರ್ಕಾರವೊಂದೇ ವಿದ್ಯಾರ್ಥಿಗಳಿಗಾಗಿ ಎಚ್‌ಪಿಯಿಂದ ಸುಮಾರು 15 ಲಕ್ಷ ಲ್ಯಾಪ್‌ಟಾಪ್‌ಗಳನ್ನು ಕೊಂಡಿತು. ಇದು ಗ್ರಾಹಕರು ಆರಿಸಿದ ಪಾಲು ಎನ್ನಲಾಗದು.

ಪಟ್ಟಿ ಯಂತ್ರದೊಳಕ್ಕೆ ಇಣುಕುವುದೇ ಇಲ್ಲ. 2003ರಿಂದ 2005ರವರೆಗೆ ಡೆಲ್ ಕಂಪೆನಿ ಜಗತ್ತಿನಲ್ಲಿ ಮೊದಲನೆಯದಾಗಿತ್ತು. ಅದೇ ಅವಧಿಯಲ್ಲಿ ಅದು ಮಾರಿದ ಆಪ್ಟಿಪ್ಲೆಕ್ಸ್ ಗಣಕಗಳ ಪೈಕಿ ಅನೇಕವುಗಳ ಮಾತೃಫಲಕದಲ್ಲಿ ದೋಷಯುಕ್ತ ಕೆಪಾಸಿಟರ್‌ಗಳಿದ್ದವು. ಒಳಗಿನ ವಿದ್ಯುದ್ವಿಭಾಜ್ಯ ದ್ರವ ವಿಘಟಿಸಿ ಅನಿಲ ಹುಟ್ಟಿ, ಕೆಪಾಸಿಟರಿನ ನೆತ್ತಿ ಉಬ್ಬಿ ಒಡೆಯುತ್ತಿತ್ತು. 2005ರಲ್ಲಿ ಕಂಪೆನಿ ಇದರ ದುರಸ್ತಿಗೆಂದು 30 ಕೋಟಿ ಡಾಲರ್ ಖರ್ಚು ತೋರಿಸಿತು. ಇತರ ತಯಾರಕರನ್ನೂ ಈ ಪಿಡುಗು ಬಿಡಲಿಲ್ಲ. ಇಂಥ ಕೆಪಾಸಿಟರಿನ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ. ದೂಳು ತುಂಬಿ ಫ್ಯಾನ್ ನಿಧಾನವಾದ ಪೆಟ್ಟಿಗೆ, ಚಿತ್ರದುರ್ಗದ ಏಪ್ರಿಲ್ ತಿಂಗಳು, ಏರಿಳಿಯುವ ವೋಲ್ಟೇಜ್! ತಂಪು ಕೋಣೆಯಲ್ಲಿ ಪರೀಕ್ಷಿಸಿ ಹೇಳಿದ ಆಯುಷ್ಯ ನಮಗೆ ಹೇಗೆ ಅನ್ವಯಿಸೀತು?

ಆಯುಷ್ಯ ಮುಗಿಯುವುದು ಕೆಡುವುದರಿಂದ ಮಾತ್ರವೂ ಅಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಹೊಸ ತಲೆಮಾರಿನ ಸಂಸ್ಕಾರಕವೂ ಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಯಂತ್ರಗಳು ಒಂದು ತಾರೀಖಿನಿಂದ ಹಳತಾದವು. ತಯಾರಕರ ಮಟ್ಟಿಗೆ ಇದು ಸುಗ್ಗಿ. ಪದವಿ ತರಗತಿಗೆ ಪೈಥಾನ್ ಕಲಿಸಲು, ಲೋಲಕದ ಅಂಕಿಗಳಿಂದ ನಕ್ಷೆ ಬರೆಯಲು ಆ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಹಾಕಿದರೆ ಧಾರಾಳವಾಗಿ ಸಾಕು. ಹಾಗೆ ಉಳಿದ ಗಣಕವೂ ಯಾವ ಪಾಲಿಗೂ ಸೇರುವುದಿಲ್ಲ.

ಕೊಳ್ಳುವವರು ಕೇಳಬೇಕಾದ ಅಂಕಿ ಬೇರೆ: ಒಂದು ಗಣಕ ಒಂದು ವರ್ಷ ಕೆಲಸ ಮಾಡಿದ್ದಕ್ಕೆ ಬಿದ್ದ ಖರ್ಚು ಎಷ್ಟು? 40,000 ರೂಪಾಯಿಯ ಯಂತ್ರ 8 ವರ್ಷ ಬಾಳಿದರೆ ವರ್ಷಕ್ಕೆ 5,000. 30,000ದ್ದು 4 ವರ್ಷಕ್ಕೆ ಮುಗಿದರೆ 7,500. ಅತಿ ಕಡಿಮೆ ದರದ ಟೆಂಡರ್ ಎರಡನೆಯದನ್ನೇ ಆರಿಸುತ್ತದೆ. ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳು ತಮ್ಮ ದಾಸ್ತಾನು ಪುಸ್ತಕಗಳನ್ನು ಒಟ್ಟಿಗೆ ತೆರೆದು ಕುಳಿತರೆ ಈ ಲೆಕ್ಕ ಒಂದು ಮಧ್ಯಾಹ್ನದ ಕೆಲಸ. ಕಂಪೆನಿಯ ಹೆಸರು, ಬೆಲೆ, ಕೊಂಡ ದಿನಾಂಕ ಅಲ್ಲೇ ಇವೆ. ನಿರುಪಯುಕ್ತವೆಂದು ವಿಲೇವಾರಿ ಮಾಡಿದ ದಿನಾಂಕವೂ, ಯಾರಾದರೂ ಬರೆದಿಟ್ಟಿದ್ದರೆ, ಕೊನೆಯ ಅಂಕಣದಲ್ಲಿ ಇರುತ್ತದೆ.