ಉಚಿತವಿದ್ಯೆಯೂ ಕಾವ್ಯಪಾಠವೂ: ಮೇಲುಕೋಟೆಯ ಪಾಠಕ್ರಮವನ್ನು ಕುರಿತು ಒಂದು ವಿಮರ್ಶೆ

ಸಂಸ್ಕೃತ ಪಾಠಶಾಲೆಗಳ ವಿಷಯವಾಗಿ ನಡೆಯುವ ಚರ್ಚೆಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಈ ಶಾಲೆಗಳು ಶುಲ್ಕವಿಲ್ಲದೆ ವಿದ್ಯೆಯನ್ನು ಕೊಟ್ಟುವೆಂಬ ಹೊಗಳಿಕೆಯೊಂದು. ಅವು ಕೊಟ್ಟ ವಿದ್ಯೆಯು ಈ ಕಾಲಕ್ಕೆ ಕಠಿನವಾದುದರಿಂದ ಅದನ್ನು ಸುಲಭಮಾಡಬೇಕೆಂಬ ಸಲಹೆಯೊಂದು. ಹೊಗಳಿಕೆಯು ಪೂರ್ಣವಾಗಿ ಸತ್ಯವಲ್ಲವೆಂದೂ ಸಲಹೆಯು ಪೂರ್ಣವಾಗಿ ಹಿತವಲ್ಲವೆಂದೂ ನನ್ನ ಅಭಿಪ್ರಾಯ. ಮೇಲುಕೋಟೆಯ ಪಾಠಶಾಲೆಯನ್ನೂ, ಅಂತಹ ಶಾಲೆಗಳಲ್ಲಿ ಪರಂಪರೆಯಿಂದ ಬಂದ ಕಾವ್ಯಪಾಠದ ಕ್ರಮವನ್ನೂ ಎದುರಿಗಿಟ್ಟುಕೊಂಡು ಇವೆರಡನ್ನೂ ಇಲ್ಲಿ ಪರಿಶೀಲಿಸಲಾಗುವುದು.

ಮೇಲುಕೋಟೆಯ ಶ್ರೀ ವೇದವೇದಾಂತಬೋಧಿನೀ ಸಂಸ್ಕೃತ ಮಹಾಪಾಠಶಾಲೆಯು 1854ರಲ್ಲಿ ಸ್ಥಾಪಿತವಾಯಿತು. ಈ ದೇಶದ ವಿದ್ಯಾಭ್ಯಾಸವನ್ನು ಸರ್ಕಾರದ ಇಲಾಖೆಗಳ ಆಡಳಿತಕ್ಕೆ ಒಳಪಡಿಸಿದ ಚಾರ್ಲ್ಸ್ ವುಡ್ಡನ ನಿರೂಪವು ಹೊರಟದ್ದೂ ಅದೇ ವರ್ಷದಲ್ಲಿ. ಅದಕ್ಕೆ ಇಪ್ಪತ್ತೊಂದು ವರ್ಷಗಳ ಮೊದಲೇ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುವುದಕ್ಕಾಗಿ ರಾಜಾ ಫ್ರೀ ಸ್ಕೂಲನ್ನು ತೆರೆದಿದ್ದರು. ಆದುದರಿಂದ ನಮ್ಮ ಸಂಸ್ಥಾನದಲ್ಲಿ ಹೊಸ ವಿದ್ಯೆಯಾಗಲಿ ಹಳೆಯ ವಿದ್ಯೆಯಾಗಲಿ ಮೊದಲಿಗೆ ಮಾರಾಟದ ಪದಾರ್ಥವಾಗಿ ಬಂದುದಲ್ಲ. ಶುಲ್ಕವಿಲ್ಲದಿರುವುದು ಪಾಠಶಾಲೆಗಳೊಂದರದೇ ಹೆಗ್ಗಳಿಕೆಯೂ ಅಲ್ಲ.

ಶುಲ್ಕವಿಲ್ಲವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ತಿಳಿಯಲಾಗದು. ನನ್ನ ಗುರುಗಳ ಕಾಲದಲ್ಲಿ ಪರಸ್ಥಳದ ವಿದ್ಯಾರ್ಥಿಯು ವಾರಾನ್ನದಿಂದ ಓದುತ್ತಿದ್ದನು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಎಲೆ ಏಳು ದಿನಕ್ಕೆ. ಯಾವುದೋ ಮನೆಯಲ್ಲಿ ಮೈಲಿಗೆಯೋ ಮದುವೆಯೋ ಬಂದರೆ ಆ ದಿನ ಹೊಟ್ಟೆಗೆ ನೀರೇ ಗತಿ. ಪಾಠವನ್ನು ಅಧ್ಯಾಪಕರು ಕೊಟ್ಟರು. ಪಾಠ ಕೇಳುವ ದೇಹವನ್ನು ಊರಿನ ಗೃಹಿಣಿಯರು ಸಾಕಿದರು. ಆ ಗೃಹಿಣಿಯರ ಹೆಸರು ಯಾವ ಪಾಠಶಾಲೆಯ ಗೋಡೆಯ ಮೇಲೂ ಬರೆದಿಲ್ಲ. ಅವರಿಗಾಗಲಿ ಅವರ ಹೆಣ್ಣುಮಕ್ಕಳಿಗಾಗಲಿ ಆ ಪಾಠಶಾಲೆಗಳಲ್ಲಿ ಸ್ಥಳವೂ ಇರಲಿಲ್ಲ. ಊರಿನ ಸುತ್ತ ಉತ್ತು ಬಿತ್ತಿ ಆ ಅನ್ನವನ್ನು ಬೆಳೆದವರ ಮಕ್ಕಳಿಗಂತೂ ಬಾಗಿಲು ಕಾಣುವಷ್ಟು ಸಮೀಪವೂ ಇರಲಿಲ್ಲ. ಹೀಗೆ ಉಚಿತವೆಂಬ ಶಬ್ದವು ಆ ಕಾಲದಲ್ಲಿ ಕೆಲವರ ವಿಷಯದಲ್ಲಿ ಮಾತ್ರ ಅರ್ಥವತ್ತಾಗಿದ್ದಿತು. ಇದನ್ನು ಆ ಪಾಠಶಾಲೆಗಳ ಉಪ್ಪುಂಡವನಾದ ನಾನೇ ಹೇಳುವುದು ಯುಕ್ತ.

ಈ ದೋಷವನ್ನು ಮೇಲುಕೋಟೆಯಲ್ಲಿ ಕುಳಿತು ಹೇಳುವಾಗ ಅದರ ಭಾರವು ಇಮ್ಮಡಿಯಾಗುವುದು. ತಿರುಕ್ಕೋಷ್ಟಿಯೂರಿನಲ್ಲಿ ಗೋಪ್ಯವೆಂದು ಉಪದೇಶವಾದ ಮಂತ್ರಾರ್ಥವನ್ನು ಶ್ರೀರಾಮಾನುಜರು ಗೋಪುರವನ್ನೇರಿ ಸಾರಿದರೆಂದು ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಅದೇ ಆಚಾರ್ಯರು ನೆಲೆಸಿದ್ದ ಈ ಯದುಗಿರಿಯಲ್ಲಿ, ಉತ್ಸವಮೂರ್ತಿಯನ್ನು ತರುವುದಕ್ಕೆ ನೆರವಾದವರನ್ನು ಅವರು ತಿರುಕುಲದವರೆಂದು ಕರೆದು ವರ್ಷದಲ್ಲಿ ಕೆಲವು ದಿನ ದೇವಾಲಯಪ್ರವೇಶವನ್ನು ಕೊಟ್ಟರೆಂದು ಸಂಪ್ರದಾಯವುಂಟು. ಗೋಪುರದ ಮೇಲಿಂದ ಸಾರಿದ್ದು ಪಾಠಶಾಲೆಯ ಹೊಸ್ತಿಲನ್ನು ದಾಟಿ ಎಲ್ಲರಿಗೂ ತಲಪುವುದಕ್ಕೆ ಎಂಟು ಶತಮಾನಗಳಿಗೂ ಮೀರಿ ಬೇಕಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 29ನೆಯ ವಿಧಿಯು, ಸರ್ಕಾರದಿಂದ ನಡೆಯುವ ಅಥವಾ ಸರ್ಕಾರದ ಹಣದಿಂದ ಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಮತ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದಲೇ ಯಾವ ಪ್ರಜೆಗೂ ಪ್ರವೇಶವನ್ನು ನಿರಾಕರಿಸಲಾಗದೆಂದು ವಿಧಿಸಿತು. ಈ ವಿಧಿಯಿಂದಲೇ ಉಚಿತವೆಂಬ ಶಬ್ದಕ್ಕೆ ಪೂರ್ಣಾರ್ಥವು ಪ್ರಾಪ್ತವಾಯಿತೆಂದು ಹೇಳಬೇಕು.

ಇಂತಹ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ 1991ರಲ್ಲಿ ಮಿನ್ನೆಸೋಟಾ ಸಂಸ್ಥಾನವು ಮಾಡಿದ ಕಾಯಿದೆಯಿಂದ ಮೊದಲ್ಗೊಂಡು ಚಾರ್ಟರ್ ಶಾಲೆಗಳೆಂಬ ಒಂದು ಬಗೆ ಹುಟ್ಟಿಕೊಂಡಿದೆ. ಇವು ಸರ್ಕಾರದಿಂದ ಸನ್ನದು ಪಡೆದು, ಸಾರ್ವಜನಿಕ ಹಣದಿಂದ, ಶುಲ್ಕವಿಲ್ಲದೆ ನಡೆಯುತ್ತವೆ. ಪಾಠಕ್ರಮವನ್ನು ಗೊತ್ತುಮಾಡುವುದರಲ್ಲಿ ಸ್ವಲ್ಪ ಸ್ವಾತಂತ್ರ್ಯವುಳ್ಳವು. ಅವುಗಳಲ್ಲಿ ಕೆಲವು ಲ್ಯಾಟಿನ್ ಭಾಷೆಯನ್ನೂ ಪ್ರಾಚೀನಗ್ರಂಥಗಳನ್ನೂ ಎಲ್ಲ ಮಕ್ಕಳಿಗೂ ಕಲಿಸುತ್ತವೆ. ಅರ್ಜಿಗಳು ಸ್ಥಳಗಳಿಗಿಂತ ಹೆಚ್ಚಾದರೆ ಚೀಟಿಯೆತ್ತಿ ಮಕ್ಕಳನ್ನು ಸೇರಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ಕುಲವನ್ನಾಗಲಿ ಮನೆಯ ಪಾಂಡಿತ್ಯವನ್ನಾಗಲಿ ನೋಡದೆ ಚೀಟಿಯಿಂದ ಬಂದ ಬಾಲಕನಿಗೆ ಪ್ರಾಚೀನಭಾಷೆಯನ್ನು ಪೂರ್ಣವಾಗಿ ಕಲಿಸಬಹುದೇ ಎಂಬುದು ಅಲ್ಲಿಯ ಪ್ರಶ್ನೆ, ನಮ್ಮದೂ ಅದೇ. ಬಾಗಿಲು ತೆರೆದ ಮೇಲೆ ಒಳಗೆ ಏನನ್ನು ಕೊಡಬೇಕು?

ಇದಕ್ಕೆ ಉತ್ತರ ಹೇಳುವ ಮೊದಲು ಹಳೆಯ ಕ್ರಮವು ಎಂತಹುದೆಂಬುದನ್ನು ತಿಳಿಯಬೇಕು. ಪ್ರಥಮಾ, ಕಾವ್ಯ, ಸಾಹಿತ್ಯ ಎಂಬ ತರಗತಿಗಳನ್ನು ಮುಗಿಸಿ ವಿದ್ವತ್ ಪರೀಕ್ಷೆಗೆ ಹೋಗುವುದು ನಮ್ಮಲ್ಲಿಯ ಮೆಟ್ಟಿಲುಗಳು. ಕಾವ್ಯಪಾಠವೆಂದರೆ ಮೊದಲು ಪದಗಳನ್ನು ಬಿಡಿಸುವುದು; ಆಮೇಲೆ ಒಂದೊಂದರ ಅರ್ಥವನ್ನು ಹೇಳುವುದು; ಸಮಾಸಗಳಿಗೆ ವಿಗ್ರಹವನ್ನು ಮಾಡುವುದು; ಅನ್ವಯವನ್ನು ಕೂಡಿಸುವುದು; ಕಡೆಗೆ ಆಕ್ಷೇಪವನ್ನೆತ್ತಿ ಸಮಾಧಾನವನ್ನು ಹೇಳುವುದು. ಪದವಿಭಾಗವು ಮೊದಲು ಬಂದುದು ವೈಯಾಕರಣರ ಚಾಪಲ್ಯದಿಂದಲ್ಲ. ಓಲೆಯ ಗ್ರಂಥಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಒಂದೇ ಸಾಲಾಗಿ ಸಾಗುವುವು. ಬಿಡಿಸಲಾರದವನಿಗೆ ಗ್ರಂಥವೇ ಇಲ್ಲ. 1970ರ ದಶಕದ ಕೊನೆಯ ಭಾಗದಲ್ಲಿ ಮೇಲುಕೋಟೆಯಲ್ಲಿ ಆರಂಭವಾದ ಸಂಸ್ಕೃತ ಸಂಶೋಧನ ಸಂಸತ್ತಿನಂತಹ ಭಂಡಾರಗಳಲ್ಲಿರುವ ಓಲೆಗಳನ್ನು ಮುಂದೆ ಓದಬೇಕಾದವರು ಈ ಮೊದಲ ಮೆಟ್ಟಿಲನ್ನು ಹತ್ತಿದವರೇ ಆಗಿರಬೇಕು.

ಈ ಕ್ರಮದಿಂದ ಕಾವ್ಯಕ್ಕೆ ಆಗುವ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತೋರಿಸುವೆನು. ಕಾಳಿದಾಸನ ರಘುವಂಶದ ಎರಡನೆಯ ಸರ್ಗವು ಪಾಠಶಾಲೆಗಳಲ್ಲಿ ಬಾಲಕರಿಗೆ ಹೇಳುವ ಪಾಠ. ದಿಲೀಪನು ಸಂತಾನಾರ್ಥವಾಗಿ ವಸಿಷ್ಠರ ಧೇನುವಾದ ನಂದಿನಿಯನ್ನು ಇಪ್ಪತ್ತೊಂದು ದಿನ ಸೇವಿಸುವನು. ಮರುದಿನ ಗುಹೆಯಲ್ಲಿ ಸಿಂಹವು ಅದನ್ನು ಹಿಡಿಯುವುದು. ಅರಸನು ಧೇನುವಿಗೆ ಬದಲಾಗಿ ತನ್ನ ದೇಹವನ್ನೇ ಕೊಡುವೆನೆನ್ನಲು, ಸಿಂಹವು ಲೋಕವ್ಯವಹಾರವನ್ನು ಬಲ್ಲವರ ಹಾಗೆ ವಾದಿಸುವುದು: ಏಕಚ್ಛತ್ರವಾದ ಪ್ರಭುತ್ವ, ಹರೆಯ, ಸುಂದರವಾದ ಶರೀರ, ಇಷ್ಟನ್ನು ಒಂದು ಹಸುವಿಗಾಗಿ ಬಿಡುವವನು ವಿಚಾರಮೂಢನಲ್ಲವೇ? ಬದುಕಿದ್ದರೆ ಪ್ರಜೆಗಳನ್ನೆಲ್ಲ ಕಾಪಾಡಬಹುದಲ್ಲವೇ? ವಾದವು ದುರ್ಬಲವಾದುದಲ್ಲ. ಅರಸನು ಇದಕ್ಕೆ ಕೊಡುವ ಉತ್ತರವು ಒಂದು ಶಬ್ದದ ವ್ಯುತ್ಪತ್ತಿಯಲ್ಲಿ ನಿಂತಿದೆ. ಕ್ಷತದಿಂದ, ಎಂದರೆ ನಾಶದಿಂದ, ಕಾಪಾಡುವುದರಿಂದಲೇ ಕ್ಷತ್ರವೆಂಬ ಶಬ್ದವು ಲೋಕದಲ್ಲಿ ರೂಢವಾಯಿತು. ಅದಕ್ಕೆ ವಿಪರೀತವಾಗಿ ನಡೆದವನಿಗೆ ರಾಜ್ಯವೇಕೆ, ನಿಂದೆಯಿಂದ ಮಲಿನವಾದ ಪ್ರಾಣವೇಕೆ? ಈ ರೂಢವೆಂಬ ಮಾತಿನ ಮೇಲೆ ಮಲ್ಲಿನಾಥನು ನಿಂತು, ಇದು ಅಶ್ವಕರ್ಣಾದಿಗಳಂತೆ ಕೇವಲ ರೂಢವಲ್ಲ, ಪಂಕಜಾದಿಗಳಂತೆ ಯೋಗರೂಢವೆಂದು ವಿವರಿಸುವನು. ಅಶ್ವಕರ್ಣವೆಂಬುದು ಒಂದು ಮರದ ಹೆಸರು. ಅದರಲ್ಲಿ ಕುದುರೆಯೂ ಇಲ್ಲ, ಕಿವಿಯೂ ಇಲ್ಲ. ಪಂಕಜವಾದರೋ ತಾವರೆಗೇ ರೂಢವಾದರೂ ಕೆಸರಿನಿಂದ ಹುಟ್ಟಿತೆಂಬ ಅವಯವಾರ್ಥವನ್ನು ಬಿಟ್ಟಿಲ್ಲ. ಅರಸನ ಧರ್ಮವೆಲ್ಲವೂ ಈ ಭೇದದಲ್ಲಿ ಅಡಗಿದೆ. ಇಲ್ಲಿ ವ್ಯಾಕರಣವೇ ಕಾವ್ಯದ ಜೀವಸ್ಥಾನ. ಇದನ್ನು ಬಿಟ್ಟು ಅರಸನು ಸಿಂಹಕ್ಕೆ ದೇಹವನ್ನೊಪ್ಪಿಸಿದನೆಂದು ಸಾರಾಂಶ ಹೇಳಿದರೆ ಉಳಿಯುವುದು ಅಜ್ಜಿಯ ಕಥೆ.

ಇದನ್ನು ಬಲ್ಲ ನಾನೂ ಒಮ್ಮೆ ತಪ್ಪಿದೆನು. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯಲ್ಲಿ ಈ ಸರ್ಗವನ್ನೇ ಪಾಠ ಹೇಳುತ್ತಿದ್ದೆನು. ಮನೆಯಲ್ಲಿ ಸಂಸ್ಕೃತದ ಸಂಸ್ಕಾರವಿದ್ದ ಇಬ್ಬರು ಹುಡುಗರಿಗೆ ಸಂಜೆ ಕೂರಿಸಿಕೊಂಡು ವಿಗ್ರಹಾನ್ವಯಗಳನ್ನು ಹೇಳಿದೆನು. ರೇಷ್ಮೆ ಸಾಕುವ ಮನೆಯಿಂದ ಬಂದ ಮತ್ತೊಬ್ಬ ಹುಡುಗನಿಗೆ ಇದು ಭಾರವಾದೀತೆಂಬ ಕನಿಕರದಿಂದ ಕನ್ನಡದಲ್ಲಿ ಸಾರಾಂಶವನ್ನು ಬರೆಯಿಸಿಕೊಟ್ಟೆನು. ಮೂವರೂ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆಮೇಲೆ ಒಂದು ದಿನ ಆ ಹುಡುಗನು ನನ್ನನ್ನು ನಿಲ್ಲಿಸಿ, "ಸಿಂಹ ಹೇಳಿದ್ದೂ ನ್ಯಾಯವಾಗೇ ಐತಲ್ಲಾ ಗುರುಗಳೇ, ದೊರೆ ಅದಕ್ಕೆ ಏನಂದ?" ಎಂದು ಕೇಳಿದನು. ಕವಿಯು ಯಾವ ಪ್ರಶ್ನೆಗೆ ಉತ್ತರವಾಗಿ ಆ ಶ್ಲೋಕವನ್ನು ರಚಿಸಿದನೋ ಅದೇ ಪ್ರಶ್ನೆ. ಆ ಇಬ್ಬರೂ ಕೇಳದೆ ಹೋದ ಪ್ರಶ್ನೆ. ಉತ್ತರವಿದ್ದ ಶ್ಲೋಕವನ್ನು ನಾನು ಅವನಿಂದ ತಪ್ಪಿಸಿದ್ದೆನು. ಹಿಂದಿನವರು ಹೊಸ್ತಿಲಲ್ಲಿ ತಡೆದರು. ನಾನು ಒಳಗೆ ಕರೆದು ಮಣೆಹಾಕಿ ಬರಿಯ ಎಲೆಯನ್ನು ಬಡಿಸಿದೆನು. ಎರಡರಲ್ಲಿ ಯಾವುದು ಹೆಚ್ಚಿನ ಅಪರಾಧವೆಂಬುದನ್ನು ನಾನು ಇನ್ನೂ ನಿರ್ಣಯಿಸಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಮಕ್ಕಳು ಸಂಸ್ಕೃತವೆಂದರೆ ಹೆದರಿ ದೂರವಾಗುತ್ತಿರುವಾಗ ಸುಲಭಮಾರ್ಗವೇ ಶ್ರೇಯಸ್ಕರವಲ್ಲವೇ ಎಂದು. ಸುಲಭಮಾರ್ಗದ ಫಲವನ್ನು ಕನ್ನಡನಾಡು ಕಂಡಿದೆ. ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನು ಬಿಡಬಹುದಾಗಿದ್ದ ಏರ್ಪಾಡು ವಿವಾದಕ್ಕೆಡೆಯಾಗಿ, 1980ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಮರುವರ್ಷ ವರದಿ ಬಂದಿತು. 1982ರಲ್ಲಿ ಚಳವಳಿಯು ನಾಡೆಲ್ಲ ಹಬ್ಬಿತು. ಉತ್ತರಗಳನ್ನು ಸಂಸ್ಕೃತದಲ್ಲಿ ಬರೆಯದೆಯೇ ಸಂಸ್ಕೃತದಲ್ಲಿ ಹೆಚ್ಚು ಅಂಕಗಳನ್ನು ಪಡೆಯಬಹುದೆಂಬ ಆಕ್ಷೇಪಕ್ಕೆ ಸಂಸ್ಕೃತದ ಅಭಿಮಾನಿಗಳು ಸರಿಯಾದ ಸಮಾಧಾನವನ್ನು ಹೇಳಲಾರದೆ ಹೋದರು. ಅಂಕಗಳಿಗಾಗಿ ಭಾಷೆಯನ್ನು ಹಗುರಮಾಡಿದುದರಿಂದ ಕನ್ನಡಿಗರ ಪ್ರೀತಿಯೂ ಹೋಯಿತು, ಪಾಂಡಿತ್ಯವೂ ಬರಲಿಲ್ಲ.

ಹಾಗೆಂದು ಹಳೆಯ ಕ್ರಮವು ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ಅನ್ವಯವು ಮುಗಿದೊಡನೆ ಪಾಠವೂ ಮುಗಿಯಿತೆಂದು ಪುಸ್ತಕವನ್ನು ಕಟ್ಟಿಡುವುದು ನಮ್ಮ ಅಧ್ಯಾಪಕರಲ್ಲಿ ಹಲವರ ಅಭ್ಯಾಸ. ಅನ್ನವನ್ನು ಬೇಯಿಸಿದ ಮೇಲೆ ಉಣ್ಣದೆ ಏಳುವಂತೆ ಇದು. ಕವಿಯು ಸಿಂಹದ ಬಾಯಲ್ಲಿ ಅಷ್ಟು ಬಲವಾದ ವಾದವನ್ನು ಏಕಿಟ್ಟನು ಎಂದು ಕೇಳುವುದಕ್ಕೆ ನಮ್ಮಲ್ಲಿ ಎಡೆಯಿರಲಿಲ್ಲ. ಆ ರೇಷ್ಮೆಯ ಮನೆಯ ಹುಡುಗನೇ ಕೇಳಬೇಕಾಯಿತು. ಕನ್ನಡವನ್ನು ಅರ್ಥ ಹೇಳುವುದಕ್ಕೆ ಮಾತ್ರ ಬಳಸಿ ಆಮೇಲೆ ಮರೆತುದೂ ದೋಷವೇ. 1905ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ಅಹಲ್ಯೆ, ಗೋಕುಲ ನಿರ್ಗಮನ ಮುಂತಾದ ಗೀತನಾಟಕಗಳಲ್ಲಿ ರಾಮಾಯಣ ಭಾಗವತಗಳ ವಸ್ತುವನ್ನು ಕನ್ನಡದ ಹೊಸ ಜೀವವನ್ನಾಗಿ ಮಾಡಿದರು. ಪ್ರಾಚೀನವಿದ್ಯೆಯು ತಾಯಿನುಡಿಯಲ್ಲಿ ಹೀಗೆ ಫಲಿಸದಿದ್ದರೆ ಅದು ಪೆಟ್ಟಿಗೆಯೊಳಗಿನ ಪಟ್ಟೆಯಂತೆ ನವೆಯುವುದು. ಆದುದರಿಂದ ಹಳೆಯ ಐದು ಅಂಗಗಳಲ್ಲಿ ಒಂದನ್ನೂ ಕಳೆಯದೆ, ವಿದ್ಯಾರ್ಥಿಯು ಶ್ಲೋಕದ ಭಾವವನ್ನು ತನ್ನ ಮಾತಿನಲ್ಲಿ ಹೇಳುವುದನ್ನೂ, ತಾನೇ ಒಂದು ಆಕ್ಷೇಪವನ್ನೆತ್ತುವುದನ್ನೂ ಸೇರಿಸಬೇಕು. ಮೊದಲು ಬಂದವನಿಗೆ ಒಂದು ದಿನಕ್ಕೆ ನಾಲ್ಕು ಶ್ಲೋಕವಾದರೆ ಇವನಿಗೆ ಒಂದೇ ಶ್ಲೋಕವಾಗಲಿ. ಆದರೆ ಆ ಒಂದು ಪೂರ್ಣವಾಗಿರಲಿ. ಕಾಲವನ್ನು ಹೆಚ್ಚಿಸಬಹುದು, ಪಾಠವನ್ನು ತಗ್ಗಿಸಬಾರದು.

ಇದಿಷ್ಟರಿಂದ ಸಿದ್ಧವಾಗುವುದೇನೆಂದರೆ, ಪಾಠಶಾಲೆಯೆಂಬ ಶಬ್ದವೂ ಮಲ್ಲಿನಾಥನು ಹೇಳಿದ ವಿವೇಚನೆಗೆ ಒಳಪಟ್ಟಿದೆ. ಬಾಗಿಲು ಕೆಲವರಿಗೆ ಮಾತ್ರ ತೆರೆದಿದ್ದಾಗ ಪಾಠವಿದ್ದಿತು, ಶಾಲೆಯು ಎಲ್ಲರದಾಗಿರಲಿಲ್ಲ. ಎಲ್ಲರಿಗೂ ತೆರೆದ ಮೇಲೆ ಪಾಠವನ್ನು ತೆಗೆದುಹಾಕಿದರೆ ಶಾಲೆಯು ಮಾತ್ರ ಉಳಿದು ಆ ಹೆಸರು ಅಶ್ವಕರ್ಣದಂತೆ ಕೇವಲ ರೂಢವಾಗುವುದು. ಅದನ್ನು ಪಂಕಜದಂತೆ ಯೋಗರೂಢವಾಗಿ ಉಳಿಸುವ ಹೊಣೆಯು ಪಾಠ ಹೇಳುವವರದು. ನನ್ನ ಆ ಶಿಷ್ಯನಿಗೆ ಆಗ ಕೊಡದ ಶ್ಲೋಕವನ್ನು ಈಗ ನನ್ನ ಮುಂದೆ ಕುಳಿತುಕೊಳ್ಳುವ ಮಕ್ಕಳಿಗೆಲ್ಲ ಪದಪದವಾಗಿ ಬಿಡಿಸಿ ಹೇಳುತ್ತಿದ್ದೇನೆ. ಅವನ ಪ್ರಶ್ನೆಯನ್ನೂ ಜೊತೆಗೆ ಹೇಳುತ್ತೇನೆ.